ಎಡೆಗಿಟ್ಟ ಚೆಕ್ಕೆಹಾಲು

ನನ್ನ ಗಂಡ ಸತ್ತ ಮೇಲೆ ಬಂದದ್ದು ಅವರ ಅವ್ವನ ಮೈಮೇಲೆ, ನನ್ನ ಮೈಮೇಲಲ್ಲ. ಬದುಕಿದ್ದಾಗಲೂ ಅಷ್ಟೇ ಅನ್ನಿ. ತೋಟದಿಂದ ಬಂದರೆ ಮೊದಲು ‘ಅವ್ವೋ’ ಎಂದು ಕೂಗಿ, ಕೈಕಾಲು ತೊಳೆದು, ಆಮೇಲೆ ನನ್ನ ಕಡೆ ತಿರುಗುತ್ತಿದ್ದರು. ಇಷ್ಟು ವರ್ಷ ಅನ್ನ ಬೇಯಿಸಿ ಹಾಕಿದವಳಿಗೆ ಸತ್ತ ಮೇಲಾದರೂ ಒಂದು ಸರದಿ ಬಂದೀತು ಅಂದುಕೊಂಡಿದ್ದೆ. ಬರಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅವರ ಹೆಸರು ಮಹದೇವ. ಕೊಕ್ಕರೆ ಬೆಳ್ಳೂರಿನಲ್ಲಿ ನಮಗೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆಹುಳ ಸಾಕುವ ಹುಳದ ಮನೆ. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಅದು ಹಬ್ಬ ನೋಡುವುದಿಲ್ಲ, ಸಾವು ನೋಡುವುದಿಲ್ಲ. ನಮ್ಮವರಿಗೆ ಬಿಪಿ ಇತ್ತು. ಮದ್ದೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ತಿನ್ನುವ ದಿನ ತಿನ್ನುತ್ತಿದ್ದರು, ಇಲ್ಲದ ದಿನ ಇಲ್ಲ. ಕೇಳಿದರೆ ‘ಮಾತ್ರೆ ತಿಂದ್ರೆ ಮಂಕು ಬಡ್ದಂಗಾಯ್ತದೆ, ಸುಮ್ಕಿರು’ ಅನ್ನುತ್ತಿದ್ದರು.

ನನ್ನ ಮೈದುನ ಸಿದ್ದೇಶ ಆಫ್ರಿಕಾದಲ್ಲಿದ್ದಾನೆ. ಕ್ಯಾಮರೂನ್ ಎಂಬ ದೇಶದಲ್ಲಿ ಸಕ್ಕರೆ ಫ್ಯಾಕ್ಟರಿಯ ಕೆಲಸ. ಮಂಡ್ಯದ ಕಡೆ ಕಬ್ಬಿನ ಹಾಲು ಕುದಿಸಿ ಕೈ ಪಳಗಿಸಿಕೊಂಡವರನ್ನು ಅಲ್ಲಿ ಕರೆದು ಕೆಲಸ ಕೊಡುತ್ತಾರಂತೆ. ಒಂದು ಸಲ ರಜೆಗೆ ಬಂದವನು ಅಣ್ಣನಿಗೆ ದೊಡ್ಡದೊಂದು ಬಟ್ಟೆಚೀಲ ಕೊಟ್ಟ. ಒಳಗೆ ಮರದ ಚೆಕ್ಕೆ, ಇಟ್ಟಿಗೆಯ ಬಣ್ಣದ್ದು, ಬೆರಳುದ್ದದ ತುಂಡುಗಳು. ನಾನು ಒಂದನ್ನು ಮೂಸಿ ನೋಡಿದೆ. ಹಳೆ ಮರದ ಪೆಟ್ಟಿಗೆ ತೆಗೆದ ಹಾಗೆ ವಾಸನೆ.

‘ಏನ್ರೀ ಇದು?’ ಎಂದೆ.

‘ಮಂಡಿನೋವಿಗೆ ಕಣೆ ಪುಷ್ಪಿ. ಅಲ್ಲಿಯ ಮರದ್ದು.’

ಪುಷ್ಪಾ ಎಂಬ ನನ್ನನ್ನು ಪುಷ್ಪಿ ಅನ್ನುತ್ತಿದ್ದದ್ದು ಈ ಭೂಮಿಯ ಮೇಲೆ ಅವರೊಬ್ಬರೇ. ಅದೂ ಯಾರೂ ಇಲ್ಲದಾಗ.

ಆವತ್ತಿನಿಂದ ಸಂಜೆಯಾದರೆ ಒರಳಲ್ಲಿ ಚೆಕ್ಕೆ ಕುಟ್ಟುವ ಸದ್ದು. ಕುಟ್ಟಿ, ಪುಡಿ ಮಾಡಿ, ಹಾಲಿಗೆ ಬೆಲ್ಲದ ಜೊತೆ ಹಾಕಿ ಕುದಿಸಿ, ಹಿತ್ತಾಳೆ ಲೋಟದಲ್ಲಿ ಕುಡಿಯುತ್ತಿದ್ದರು. ಕುಡಿದ ಮೇಲೆ ಮುಖ ಕೆಂಪಗಾಗುತ್ತಿತ್ತು. ಕೈ ನಡುಗುತ್ತಿತ್ತು. ನಿದ್ದೆ ಬರುವುದಿಲ್ಲ ಅನ್ನುತ್ತಿದ್ದರು. ಆದರೂ ಹುರುಪಾಗಿದ್ದರು, ನಗುತ್ತಿದ್ದರು, ನನ್ನ ಜಡೆ ಹಿಡಿದು ಎಳೆಯುತ್ತಿದ್ದರು. ಮಂಡಿನೋವು ವಾಸಿಯಾಗಿರಬೇಕು ಎಂದುಕೊಂಡು ನನಗೂ ಖುಷಿಯೇ ಆಗಿತ್ತು.

ಅವರು ಹೋದದ್ದು ಬೇಸಿಗೆಯ ಬೆಳೆಯ ಹೊತ್ತಿನಲ್ಲಿ. ಹುಳ ಹಣ್ಣಾಗಿ ಗೂಡು ಕಟ್ಟುವ ಕಾಲ. ಅತ್ತೆ ಮನೆಯಲ್ಲಿರಲಿಲ್ಲ. ನನ್ನ ಮಗಳು ಅನುವಿನ ಬಾಣಂತನಕ್ಕೆ ಮಳವಳ್ಳಿಗೆ ಹೋಗಿದ್ದರು. ಹೊರಗೆ ಹುಣಸೆಮರದ ತುಂಬ ಕೊಕ್ಕರೆಗಳು ಮರಿ ಮಾಡಿಕೊಂಡು ಕೊಕ್ಕು ಕಟಕಟ ಬಡಿಯುತ್ತಿದ್ದವು. ಸಂಜೆಯ ಲೋಟ ಕುಡಿದು ಹುಳದ ಮನೆಗೆ ಹೋದವರು ಬಾಗಿಲಲ್ಲೇ ಕುಸಿದು ಕೂತರು. ಅಂಗಿಯೆಲ್ಲ ಬೆವರು. ನನ್ನ ಕೈಯನ್ನು ಎಳೆದು ಎದೆಯ ಮೇಲೆ ಇಟ್ಟುಕೊಂಡರು.

‘ಎದೆ ಒಳ್ಗೆ ಯಾರೋ ಓಡ್ತಾವ್ರೆ ಕಣೆ ಪುಷ್ಪಿ. ನೀರ್ ಕೊಡು.’

ಓಡಿಹೋಗಿ ಚೊಂಬಿನಲ್ಲಿ ನೀರು ತಂದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಚೊಂಬು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಹಾರ್ಟು ಅಂದರು ಎಲ್ಲರೂ. ಈಗ ಯಾರು ಸತ್ತರೂ ಹಾರ್ಟೇ ತಾನೆ. ಕೊನೆಗೆ ಏನಂದ ಎಂದು ಅತ್ತೆ ಕೇಳಿದಾಗ ಏನೂ ಅನ್ನಲಿಲ್ಲ ಎಂದುಬಿಟ್ಟೆ. ಆ ಒಂದು ಮಾತು ನನ್ನದು, ಯಾರಿಗೂ ಕೊಡಲು ಮನಸ್ಸು ಬರಲಿಲ್ಲ.

ವರ್ಷದ ತಿಥಿ ಕಳೆದು ಮೊದಲ ಪಿತೃಪಕ್ಷ ಬಂತು. ನಮ್ಮಲ್ಲಿ ಆ ಹಬ್ಬಕ್ಕೆ ಸತ್ತವರ ಮುಂದೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವೋ ಅದೆಲ್ಲ ಇರಬೇಕು. ಮಾಂಸದ ಸಾರು, ಮುದ್ದೆ, ಕಜ್ಜಾಯ, ಹೊಸ ಪಂಚೆ, ಬೀಡಿ ಸೇದುತ್ತಿದ್ದರೆ ಬೀಡಿ, ಕುಡಿಯುತ್ತಿದ್ದರೆ ಬಾಟಲಿಯೂ ಸರಿ. ಧೂಪ ಹಾಕಿ, ಬಾಗಿಲು ಎಳೆದುಕೊಂಡು, ಮನೆಯವರೆಲ್ಲ ಹೊರಗೆ ಕೂರಬೇಕು. ಸತ್ತವರು ಬಂದು ನಿಧಾನಕ್ಕೆ ಉಂಡು ಹೋಗಲಿ ಎಂದು. ಆಮೇಲೆ ಬಾಗಿಲು ತೆಗೆದು ಆ ಎಡೆಯನ್ನು ಮನೆಯವರು ಉಣ್ಣಬೇಕು.

ಎಲ್ಲ ಬಡಿಸಿದ ಮೇಲೆ ನಮ್ಮತ್ತೆ ಚಿಕ್ಕನಂಜಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದರು. ‘ಅವ್ನ ಚೆಕ್ಕೆಹಾಲು ಎಲ್ಲಮ್ಮಿ? ದಿನಾ ಸಂಜೆ ಕುಡೀತಿದ್ದ ಮಗ. ಅದಿಲ್ದೆ ಎಂಗ್ ಉಂಡಾನು?’

ನನಗೂ ಸರಿ ಅನ್ನಿಸಿತು. ಚೀಲದಲ್ಲಿ ಚೆಕ್ಕೆ ಇನ್ನೂ ಮುಕ್ಕಾಲು ಭಾಗ ಹಾಗೇ ಇತ್ತು. ಅವರು ಮಾಡುತ್ತಿದ್ದ ಹಾಗೆಯೇ ಕುಟ್ಟಿ, ಬೆಲ್ಲ ಹಾಕಿ ಕುದಿಸಿ, ಅದೇ ಹಿತ್ತಾಳೆ ಲೋಟದಲ್ಲಿ ಇಟ್ಟೆ.

ಬಾಗಿಲು ತೆಗೆದ ಮೇಲೆ ಅತ್ತೆ ನೇರವಾಗಿ ಹೋಗಿ ಲೋಟ ಎತ್ತಿಕೊಂಡರು. ‘ನನ್ ಮಗ ಕುಡುದು ಬುಟ್ಟಿರೋದು’ ಎಂದು ಒಂದೇ ಉಸಿರಿಗೆ ಕುಡಿದರು. ನಾವೆಲ್ಲ ಊಟಕ್ಕೆ ಕೂತೆವು. ಕಜ್ಜಾಯ ಮುರಿಯುತ್ತಿದ್ದ ಅವರ ಕೈ ನಡುಗಲು ಶುರುವಾಯಿತು. ಮುಖ ಕೆಂಪಾಯಿತು, ಬಿಳಿ ಕೂದಲಿನ ಬುಡದಿಂದ ಬೆವರು ಇಳಿಯಿತು. ಕಣ್ಣು ಅಗಲ ಮಾಡಿ ಎಲ್ಲೋ ನೋಡುತ್ತ ನನ್ನ ಕೈ ಎಳೆದುಕೊಂಡು ಎದೆಯ ಮೇಲೆ ಇಟ್ಟುಕೊಂಡರು.

‘ಎದೆ ಒಳ್ಗೆ ಯಾರೋ ಓಡ್ತಾವ್ರೆ ಕಣೆ ಪುಷ್ಪಿ’ ಎಂದರು. ‘ನೀರ್ ಕೊಡು.’

ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಆ ಮುದುಕಿ ನನ್ನನ್ನು ಪುಷ್ಪಿ ಎಂದು ಕರೆದವರಲ್ಲ. ಮನಸ್ಸು ಚೆನ್ನಾಗಿದ್ದರೆ ಅಮ್ಮಿ, ಕೋಪ ಬಂದರೆ ಏನೇನೋ.

ಪಕ್ಕದ ಮನೆಯ ದೊಡ್ಡಬೀರಯ್ಯ ಊಟ ಬಿಟ್ಟು ಎದ್ದು ಬಂದ. ನಮ್ಮ ಮಾವನ ದಾಯಾದಿ, ಊರಲ್ಲಿ ಯಾರ ಮೈಮೇಲೆ ಏನು ಬಂದರೂ ಅವನೇ ಮುಂದೆ ನಿಂತು ಮಾತಾಡಿಸುವವನು. ‘ಯಾರ್ಲಾ ನೀನು? ಮಾದೇವನಾ? ಏನ್ ಬೇಕ್ಲಾ ನಿಂಗೆ?’ ಎಂದು ಕೇಳಿದ.

‘ನೀರು’ ಎಂದರು ಅತ್ತೆ.

‘ಮಾದೇವನೇ ಕಣ್ರವ್ವಾ, ಬಂದವ್ನೆ’ ಎಂದ ದೊಡ್ಡಬೀರಯ್ಯ. ಮನೆಯೊಳಗೆ ಗೋಳೋ ಎಂದು ಅಳು ಎದ್ದಿತು. ಅತ್ತೆಗೆ ನೀರು ಕುಡಿಸಿದೆವು. ಬಹಳ ಹೊತ್ತಿನ ಮೇಲೆ ನಡುಕ ಇಳಿಯಿತು. ಬೆಳಿಗ್ಗೆ ನೋಡಿದರೆ ಮುದುಕಿಯ ಮುಖದಲ್ಲಿ ಕಳೆ ಬಂದಿತ್ತು. ‘ನನ್ ಮಗ ಒಳ್ಗೆ ಬಂದು ಓಡಾಡ್ದ ಕಣಮ್ಮಿ. ಒಟ್ಟೇಲಿದ್ದಾಗ ಒದೀತಿದ್ನಲ್ಲ, ಅಂಗೇಯ’ ಎಂದರು.

ಅದಾದ ಮೇಲೆ ಪಿತೃಪಕ್ಷಕ್ಕೆ ಕಾಯುವವರು ಯಾರು? ಪ್ರತಿ ಅಮಾವಾಸ್ಯೆಗೂ ಎಡೆ ಅಂದರು. ಪ್ರತಿ ಅಮಾವಾಸ್ಯೆಗೂ ಚೆಕ್ಕೆಹಾಲು, ನಡುಕ, ಬೆವರು, ಅದೇ ಮಾತು. ನಾನು ಮುಂದೆ ಕೂತು ಕೇಳುತ್ತಿದ್ದೆ. ‘ಏನ್ರೀ, ಒಂದು ಮಾತು ಹೇಳದೆ ಹೋದ್ರಲ್ಲ’ ಎಂದು ಕೇಳಿದೆ. ‘ನನ್ನ ನೆನಪಾಗುತ್ತಾ?’ ಎಂದು ಕೇಳಿದೆ. ಒಂದು ಸಲ ಸಿಟ್ಟು ಬಂದು ‘ಪಂಪ್‌ಸೆಟ್ಟಿನ ಬೀಗದ ಕೈ ಎಲ್ಲಿಟ್ರಿ, ಅದನ್ನಾದ್ರೂ ಹೇಳಿ’ ಎಂದೆ. ಏನು ಕೇಳಿದರೂ ನೀರು, ನೀರು. ಅಷ್ಟೇ.

ಅಮಾವಾಸ್ಯೆ ಅಲ್ಲದ ದಿನಗಳಲ್ಲೂ ನನಗೆ ನೆಮ್ಮದಿ ಇರಲಿಲ್ಲ. ಹುಳದ ಮನೆಯಲ್ಲಿ ಒಬ್ಬಳೇ ಸೊಪ್ಪು ಹಾಕುತ್ತಿದ್ದರೆ ಹಿಂದಿನಿಂದ ಒರಳು ಕುಟ್ಟುವ ಸದ್ದು ಕೇಳುತ್ತಿತ್ತು. ಬಂದು ನೋಡಿದರೆ ಒರಳಲ್ಲಿ ಕೋಳಿ ಕೂತಿರುತ್ತಿತ್ತು. ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಇರುತ್ತದೆ. ಆ ಸದ್ದಿನೊಳಗೆ ಯಾರೋ ಓಡುತ್ತಿದ್ದಾರೆ ಅನ್ನಿಸಿ ಬಾಗಿಲಿಗೆ ಬೆನ್ನು ಕೊಡಲು ಹೆದರುತ್ತಿದ್ದೆ. ಹೆದರಿಕೆ ಒಂದು ಕಡೆ, ಬಂದರೆ ಬರಲಿ, ನನ್ನ ಹತ್ತಿರವೇ ಬರಲಿ ಎಂಬ ಆಸೆ ಒಂದು ಕಡೆ. ಈ ಕಡೆ ಅತ್ತೆ ಇಳಿದುಹೋಗುತ್ತಿದ್ದರು. ನಿದ್ದೆ ಇಲ್ಲ. ಅವರಿಗೂ ಬಿಪಿ, ಕೊಟ್ಟ ಮಾತ್ರೆಯನ್ನು ಎಲೆಅಡಿಕೆ ಚೀಲದೊಳಗೆ ಸೇರಿಸಿಬಿಡುತ್ತಿದ್ದರು. ಹೆತ್ತ ಮಗ ಬರುವಾಗ ಮಾತ್ರೆ ಯಾಕೆ ಎಂಬ ವಾದ.

ಈ ವರ್ಷದ ಭೀಮನ ಅಮಾವಾಸ್ಯೆ. ಊರಿನ ಹೆಂಗಸರೆಲ್ಲ ಗಂಡಂದಿರ ಪಾದಪೂಜೆ ಮಾಡುವ ದಿನ ನಾನು ಸತ್ತ ಗಂಡನಿಗೆ ಹಾಲು ಕಾಯಿಸುತ್ತಿದ್ದೆ. ಆವತ್ತು ನಡುಕ ಇಳಿಯಲೇ ಇಲ್ಲ. ಅತ್ತೆ ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದರು, ತುಟಿ ಕಪ್ಪಾಯಿತು. ದೊಡ್ಡಬೀರಯ್ಯ ನಿಂಬೆಹಣ್ಣು ಹುಡುಕುತ್ತಿದ್ದ. ‘ನಿಂಬೆಹಣ್ಣು ಮನೆ ಹಾಳಾಗ, ಆಟೋ ತರಿಸೋ ಮಾವ’ ಎಂದು ಕಿರುಚಿದೆ.

ಮದ್ದೂರಿನ ಆಸ್ಪತ್ರೆಯಲ್ಲಿದ್ದವರು ಡಾಕ್ಟರ್ ಜಾಕಿಯಾ, ಸಣ್ಣ ವಯಸ್ಸಿನ ಹೆಣ್ಣುಮಗಳು. ಇಂಜೆಕ್ಷನ್ ಕೊಟ್ಟು, ವೈರುಗಳನ್ನು ಅಂಟಿಸಿ, ಬಿಪಿ ನೋಡಿ ಹುಬ್ಬು ಗಂಟಿಕ್ಕಿದರು. ‘ಏನ್ ಕೊಟ್ರಿ ಇವರಿಗೆ?’

‘ಎಡೆ ಹಾಲು ಮೇಡಂ.’

‘ಹಾಲಲ್ಲಿ ಏನಿತ್ತು?’

ಹೇಳಿದೆ. ಆಫ್ರಿಕಾದ ಚೆಕ್ಕೆ ಎಂದ ತಕ್ಷಣ ಆಕೆ ಪೆನ್ನು ಕೆಳಗಿಟ್ಟರು. ಯಾವ ಮರದ್ದು ಎಂದರು. ನನಗೇನು ಗೊತ್ತು? ಸಿದ್ದೇಶನಿಗೆ ವೀಡಿಯೋ ಕಾಲ್ ಮಾಡಿದೆ. ಅವ್ವ ಆಸ್ಪತ್ರೆಯಲ್ಲಿ ಎಂದ ಕೂಡಲೇ ಅವನ ಮುಖ ಬಾಡಿತು. ಚೆಕ್ಕೆ ಎಂದ ಮೇಲಂತೂ ಹಣೆ ಹಿಡಿದುಕೊಂಡ.

‘ಅದು ಯೋಹಿಂಬೆ ಅಂತ ಅತ್ತಿಗೆ. ಅವ್ವಂಗ್ಯಾಕ್ ಕೊಟ್ರಿ ಅದ್ನ?’

‘ಮಂಡಿನೋವಿಗೆ ಅಲ್ವೇನೋ?’

ಅವನು ಮುಖ ಪಕ್ಕಕ್ಕೆ ತಿರುಗಿಸಿದ. ‘ಮಂಡಿನೋವಿಗಲ್ಲ ಅತ್ತಿಗೆ. ಇಲ್ಲಿ ಗಂಡಸ್ರು ಕುಡೀತಾರೆ, ಸಕ್ತಿಗೆ ಅಂತ. ಅಣ್ಣನೇ ಕೇಳ್ದ. ಮಾತ್ರೆ ತಿನ್ನಕ್ ಸುರು ಮಾಡ್ದಾಗಿಂದ ಆಗ್ತಿಲ್ಲ ಕಣ್ಲಾ, ಅವ್ಳ ಮುಂದೆ ನಾಚ್ಕೆ ಆಯ್ತದೆ ಅಂದ. ಇಂಗೆಲ್ಲಾ ಆಯ್ತದೆ ಅಂತ ದೇವ್ರಾಣೆಗೂ ಗೊತ್ತಿರ್ನಿಲ್ಲ.’

ಡಾಕ್ಟರು ಫೋನ್ ತೆಗೆದುಕೊಂಡು ಅವನ ಹತ್ತಿರ ಇನ್ನಷ್ಟು ಕೇಳಿದರು. ಆಮೇಲೆ ನನ್ನನ್ನು ಕೂರಿಸಿ ನಿಧಾನಕ್ಕೆ ಹೇಳಿದರು. ಆ ಚೆಕ್ಕೆಯಲ್ಲಿರುವ ಸತ್ವವನ್ನು ಡಾಕ್ಟರುಗಳೂ ಔಷಧಿಯಾಗಿ ಅಳೆದು ಕೊಟ್ಟದ್ದುಂಟಂತೆ. ಆದರೆ ಚೆಕ್ಕೆ ಕುಟ್ಟಿದರೆ ಒಂದು ಚಮಚದಲ್ಲಿ ಎಷ್ಟು ಇದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ, ನಡುಕ, ಬೆವರು, ನಿದ್ದೆಗೇಡು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಸುಮ್ಮಸುಮ್ಮನೆ ಭಯ. ಬಿಪಿ ಇದ್ದವರು, ಹಾರ್ಟ್ ತೊಂದರೆ ಇದ್ದವರು ಮುಟ್ಟಲೇಬಾರದು.

‘ನಮ್ಮ ಯಜಮಾನ್ರು ಹೋಗಿದ್ದು ಇದರಿಂದಾನಾ ಮೇಡಂ?’

‘ಈಗ ಹೇಳಕ್ಕಾಗಲ್ಲಮ್ಮ. ಆಗಿರಬಹುದು. ಆದ್ರೆ ಇವರಿಗೆ ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಆಗಲ್ಲ. ಆ ಚೆಕ್ಕೆ ಮನೇಲಿರಕೂಡದು.’

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಅತ್ತುಬಿಟ್ಟೆ. ಸಿಟ್ಟೋ ಸಂಕಟವೋ ಗೊತ್ತಾಗಲಿಲ್ಲ. ಅಲ್ಲ ಕಣ್ರೀ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಪಕ್ಕದಲ್ಲಿ ಮಲಗಿ ಗೊರಕೆ ಹೊಡೆದಿದ್ದರೂ ನನಗೆ ಸಾಕಾಗಿತ್ತು. ಇಷ್ಟಕ್ಕೆ ಯಾರಾದರೂ ಪ್ರಾಣ ಕೊಡುತ್ತಾರಾ? ಮುಂದೆ ಇದ್ದಿದ್ದರೆ ಕೆನ್ನೆಗೆ ಬಾರಿಸಿ ಆಮೇಲೆ ತಬ್ಬಿಕೊಳ್ಳುತ್ತಿದ್ದೆ.

ಮನೆಗೆ ಬಂದವಳೇ ಚೀಲವನ್ನು ಒಲೆಗೆ ಹಾಕಿದೆ. ಸುಟ್ಟಾಗಲೂ ಅದೇ ಹಳೆ ಪೆಟ್ಟಿಗೆಯ ವಾಸನೆ. ಅತ್ತೆ ವಾಪಸು ಬಂದ ಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ನಾಚಿಕೆಯ ವಿಷಯವೊಂದು ಬಿಟ್ಟು. ಮುದುಕಿ ಗೋಡೆಗೆ ಒರಗಿ ಕೇಳಿಸಿಕೊಂಡರು.

‘ಸುಳ್ಳು. ಚೆಕ್ಕೆ ಮಾತಾಡ್ತದಾ? ಪುಷ್ಪಿ ಅನ್ನದು ಚೆಕ್ಕೆಗೆ ಎಂಗ್ ಗೊತ್ತು?’

ಡಾಕ್ಟರು ಹೇಳಿದ ಮಾತಿನಲ್ಲಿ ಅದೊಂದು ಇರಲಿಲ್ಲ.

‘ನೀವು ಸತ್ತುಹೋಗ್ತೀರಿ ಅತ್ತೆ.’

‘ಸತ್ರೆ ನನ್ ಮಗನ್ ಕೈಯಾಗೇ ಸಾಯ್ತೀನಿ ಬುಡು. ನಿಂಗ್ಯಾಕೆ ಉರಿ? ಅವ್ನು ನಿನ್ ಮ್ಯಾಲೆ ಬರ್ನಿಲ್ಲ ಅಂತ್ಲಾ?’

ನನಗೆ ಪಿತ್ತ ನೆತ್ತಿಗೇರಿತು. ‘ಹೌದು ಕಣಮ್ಮ, ಅದಕ್ಕೇ’ ಎಂದು ಎದ್ದುಹೋದೆ. ಮುಂದಿನ ಅಮಾವಾಸ್ಯೆಗೆ ಚೆಕ್ಕೆ ಇಲ್ಲ ಎಂದು ಮುದುಕಿ ಮುಖ ಗೋಡೆಗೆ ಮಾಡಿ ಮಲಗಿದರು, ಊಟ ಮುಟ್ಟಲಿಲ್ಲ. ಆಮೇಲೆ ಎದ್ದು ಓಡಾಡಿದರು. ಸರಿಹೋದರು ಎಂದು ನಾನು ನಂಬಿದೆ.

ಪಿತೃಪಕ್ಷದ ಹಬ್ಬ ಬಂತು. ಅನುವಿಗೆ ಎರಡನೇ ಬಸಿರು, ಬರಲಾಗಲಿಲ್ಲ. ದೊಡ್ಡಬೀರಯ್ಯನ ಮನೆಯಲ್ಲೂ ಅವತ್ತೇ ಎಡೆ. ಮನೆಯಲ್ಲಿ ನಾವಿಬ್ಬರೇ. ಹುಣಸೆಮರದಲ್ಲಿ ಒಂದು ಹಕ್ಕಿಯೂ ಇರಲಿಲ್ಲ, ಹಳೆ ಗೂಡುಗಳು ಮಾತ್ರ. ಹೊತ್ತು ಮುಳುಗುವುದರಲ್ಲಿತ್ತು. ಸಾರು ಇಳಿಸಿ ಬಂದು ನೋಡಿದರೆ ಎಡೆಯ ಪಕ್ಕದಲ್ಲಿ ಹಿತ್ತಾಳೆ ಲೋಟ. ಅದರಿಂದ ಹಬೆ ಏಳುತ್ತಿತ್ತು. ಹಳೆ ಪೆಟ್ಟಿಗೆಯ ವಾಸನೆ.

ಅತ್ತೆಯ ಎಲೆಅಡಿಕೆ ಚೀಲ ಬಾಯಿ ತೆರೆದುಕೊಂಡು ಬಿದ್ದಿತ್ತು. ಚೀಲ ಖಾಲಿಯಾದೀತೆಂದು ಹೆದರಿ, ನಾನು ಸುಡುವ ಎಷ್ಟೋ ಮೊದಲೇ ಈ ಹಬ್ಬಕ್ಕೆಂದು ಒಂದು ಹಿಡಿ ತೆಗೆದು ಬಚ್ಚಿಟ್ಟಿದ್ದರು. ಹಿತ್ತಿಲ ಒಲೆಯಲ್ಲಿ ಹಾಲು ಕುದಿಸಿದ್ದರು. ಒರಳಿನ ಸದ್ದು ನನಗೆ ಕೇಳಿತ್ತು. ಎಂದಿನ ಹಾಗೆ ಭ್ರಮೆ ಎಂದುಕೊಂಡು ಸೌದೆ ಮುಂದಕ್ಕೆ ತಳ್ಳಿದ್ದೆ.

ಮುದುಕಿ ಲೋಟಕ್ಕೂ ನನಗೂ ನಡುವೆ ಕೂತಿದ್ದರು. ಒಂದು ಕೈ ಅಡ್ಡ ಚಾಚಿದ್ದರು, ಮೂಳೆಯ ಮೇಲೆ ಚರ್ಮ ಮಾತ್ರ ಉಳಿದಿದ್ದ ಕೈ. ಕಿತ್ತುಕೊಳ್ಳುವುದು ನನಗೇನು ಕಷ್ಟವಿರಲಿಲ್ಲ. ಆದರೆ ಇವತ್ತು ಕಿತ್ತುಕೊಂಡರೆ ನಾಳೆ ಆ ಮುದುಕಿ ಅನ್ನ ಬಿಟ್ಟು ಸಾಯುತ್ತಾರೆ, ನನ್ನ ಮೇಲೆ ದ್ವೇಷ ಇಟ್ಟುಕೊಂಡೇ ಸಾಯುತ್ತಾರೆ. ನಾನು ಎದುರಿಗೆ ಕೂತೆ.

‘ಅತ್ತೆ, ಅವರು ಕೊನೆಗೆ ಏನೂ ಅನ್ನಲಿಲ್ಲ ಎಂದಿದ್ದೆನಲ್ಲ. ಅಂದಿದ್ರು.’

ಮುದುಕಿ ಕಣ್ಣೆತ್ತಿದರು.

‘ನಿಮ್ಮ ಮೈಮೇಲೆ ಬಂದಾಗ ನೀವು ಏನಂತೀರೋ ಅದೇ. ಎದೆ ಒಳಗೆ ಯಾರೋ ಓಡ್ತಾವ್ರೆ, ನೀರ್ ಕೊಡು ಅಂತ. ಈ ಲೋಟ ಕುಡಿದ ಮೇಲೇ ಅಂದದ್ದು.’

‘ಅಂಗಾದ್ರೆ ಅವ್ನೇ ಬತ್ತಾ ಇದ್ದುದ್ದು. ನಾನೇಳ್ನಿಲ್ವಾ?’

‘ಅವರೇ ಬರ್ತಿದ್ದದ್ದು. ಅವರೇ ಅನ್ನೋಣ. ಬಂದು ಏನು ಕೇಳಿದ್ರು ಅತ್ತೆ? ಒಂದೇ ಒಂದು ಸಲಾನಾದ್ರೂ ಹಾಲು ಕೇಳಿದ್ರಾ? ನೀರು ಕೇಳಿದ್ರು. ಬಂದಾಗೆಲ್ಲ ನೀರೇ ಕೇಳಿದ್ರು. ನಾವು ಏನು ಮಾಡಿದ್ವಿ? ಯಾವುದು ಕುಡಿದು ಎದೆ ಒಡೆದುಕೊಂಡರೋ ಅದನ್ನೇ ಮತ್ತೆ ಮತ್ತೆ ಕುದಿಸಿ ಬಾಯಿಗೆ ಇಟ್ವಿ.’

ಅತ್ತೆಯ ಚಾಚಿದ ಕೈ ಮಡಿಲಿಗೆ ಬಿತ್ತು. ಧೂಪದ ಹೊಗೆ ಕಣ್ಣಿಗೆ ಬಂದರೂ ಒರೆಸಿಕೊಳ್ಳಲಿಲ್ಲ.

‘ಅವತ್ತು ನೀರ್ ಕುಡುದ್ನಾ ಅವ್ನು?’ ಎಂದರು ಕೊನೆಗೆ.

‘ಇಲ್ಲ ಅತ್ತೆ. ಓಡಿಹೋಗಿ ತಂದೆ. ತರೋದ್ರೊಳಗೆ...’

‘ಅಯ್ಯೋ ನನ್ ಕಂದ. ದಾವಾದ್ರೂ ತೀರ್ನಿಲ್ವಲ್ಲೋ ನಿಂಗೆ’ ಎಂದು ಮುದುಕಿ ಎದೆ ಬಡಿದುಕೊಂಡರು. ಆಮೇಲೆ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋದರು. ತಿಪ್ಪೆಯ ಮೇಲೆ ಹಾಲು ಸುರಿದ ಸದ್ದು ಕೇಳಿಸಿತು. ಖಾಲಿ ಲೋಟವನ್ನೂ ಅಲ್ಲೇ ಎಸೆದು ಬಂದರು.

ಮಡಕೆಯಿಂದ ಚೊಂಬಿಗೆ ನೀರು ತುಂಬಿದೆ. ಅವತ್ತಿನದೇ ಚೊಂಬು. ಕಂಠದವರೆಗೆ ತುಂಬಿ, ಚೆಲ್ಲದ ಹಾಗೆ ಹಿಡಿದುಕೊಂಡು ಬಂದು ಎಡೆಯ ಪಕ್ಕ ಇಟ್ಟೆ. ಬಾಗಿಲು ಎಳೆದುಕೊಂಡು ಇಬ್ಬರೂ ಜಗುಲಿಯ ಮೇಲೆ ಕೂತೆವು. ಒಳಗೆ ಸದ್ದಿಲ್ಲ. ಹೊರಗೂ ಇಲ್ಲ. ಬೀದಿಯುದ್ದಕ್ಕೂ ಎಲ್ಲ ಮನೆಗಳ ಬಾಗಿಲೂ ಮುಚ್ಚಿದ್ದವು, ಎಲ್ಲ ಜಗುಲಿಗಳ ಮೇಲೂ ಜನ ಕಾಯುತ್ತ ಕೂತಿದ್ದರು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಯಾವಾಗ ಹಿಡಿದುಕೊಂಡರೋ ನನಗೆ ತಿಳಿಯಲಿಲ್ಲ.

ಬಾಗಿಲು ತೆಗೆದದ್ದು ಅತ್ತೆಯೇ. ಹೋಗಿ ಚೊಂಬಿನ ಮೇಲೆ ಬಗ್ಗಿದರು. ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು.

‘ಕುಡುದವ್ನೆ ಕಣಮ್ಮಿ. ನೋಡು ಬಾ.’

ನಾನು ನೋಡಲಿಲ್ಲ. ನೋಡಿದರೆ ನೀರು ಕಂಠದವರೆಗೆ ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ. ‘ಹೂಂ’ ಎಂದೆ.

ಮುದುಕಿ ಚೊಂಬು ಎತ್ತಿ ಉಳಿದ ನೀರನ್ನು ಗುಟುಕು ಗುಟುಕಾಗಿ ಕುಡಿದರು. ಕುಡಿದು ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತರು. ನಾನು ನೋಡುತ್ತಿದ್ದೆ. ಕೈ ನಡುಗಲಿಲ್ಲ. ಬೆವರಲಿಲ್ಲ. ಮುಖ ಬೆಳ್ಳಗೆ, ತಣ್ಣಗೆ ಇತ್ತು. ಸಾರು ಆರಿ ಮೇಲೆ ಜಿಡ್ಡು ಕಟ್ಟಿತು.

‘ಯಾರೂ ಓಡ್ತಿಲ್ಲ’ ಎಂದರು. ‘ಒಂಟೋದ.’

ಅವರು ಅತ್ತರು. ಮಗ ಸತ್ತ ದಿನ ಹೆಣದ ಮುಂದೆಯೂ ಹಾಗೆ ಅತ್ತಿರಲಿಲ್ಲ. ತಲೆಯನ್ನು ನನ್ನ ಮಡಿಲಿಗೆ ಹಾಕಿ, ಮೈಯೆಲ್ಲ ಕುಗ್ಗಿಸಿಕೊಂಡು ಅತ್ತರು. ನಾನು ಬೆನ್ನು ಸವರುತ್ತ ಕೂತಿದ್ದೆ. ನನ್ನ ಕಣ್ಣೀರು ಅವರ ಬಿಳಿ ಕೂದಲಿನ ಮೇಲೆ ಬೀಳುತ್ತಿತ್ತು. ಅತ್ತು ಮುಗಿದ ಮೇಲೆ ಬಾಳೆಲೆ ಹಾಕಿದೆ. ಇಬ್ಬರೂ ಒಂದೊಂದು ಮುದ್ದೆ ಉಂಡೆವು. ಎದ್ದು ಕೈ ತೊಳೆದು, ಅವರೇ ಕೇಳಿ ಬಿಪಿ ಮಾತ್ರೆ ನುಂಗಿದರು.

ನಾನು ಎಲೆ ಎತ್ತಿ ನೆಲ ಸಾರಿಸುತ್ತಿದ್ದೆ, ಬಾಗಿಲಿಗೆ ಬೆನ್ನು ಹಾಕಿಕೊಂಡು. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತದ್ದು ಗೊತ್ತಾಯಿತು. ಗಂಟಲು ಅತ್ತು ಒಡೆದಿತ್ತು. ದನಿ ದಪ್ಪಗೆ, ನಿಧಾನವಾಗಿ ಬಂತು.

‘ಉಳಕ್ಕೆ ಸೊಪ್ಪಾಕೋ ವತ್ತಾಯ್ತು. ಬಾ, ಪುಷ್ಪಿ.’

ನನ್ನ ಕೈಯಲ್ಲಿದ್ದ ಬಟ್ಟೆ ನಿಂತಿತು. ಲೋಟ ತಿಪ್ಪೆಯಲ್ಲಿತ್ತು. ಚೊಂಬಿನಲ್ಲಿದ್ದದ್ದು ಬರೀ ನೀರು. ನಾನು ತಿರುಗಿ ನೋಡಲಿಲ್ಲ.

‘ಬಂದೆ’ ಎಂದೆ. ಅತ್ತೆಗೆ ಹೇಳಿದೆನೋ, ನಮ್ಮವರಿಗೆ ಹೇಳಿದೆನೋ, ನನಗೆ ಗೊತ್ತಿಲ್ಲ.